ಊರಿಗೆಲ್ಲ ಅಡಿಗೆ, ನಮ್ಮ ಖೋಲಿಗೆ ವಡಾಪಾವ್

ಮುಂಬಯಿಗೆ ಇಡ್ಲಿ, ದೋಸೆಯ ರುಚಿ ಹಚ್ಚಿದವರು ನಾವು. ಆದರೆ ರಜೆಯ ದಿನ ಹೋಟೆಲ್ ಹುಡುಗರ ಖೋಲಿಗೆ ಹೋಗಿ ನೋಡಿದರೆ ಎಷ್ಟೋ ಕಡೆ ಒಲೆ ತಣ್ಣಗಿರುತ್ತದೆ. ಕಾಗದದ ಪೊಟ್ಟಣದಲ್ಲಿ ವಡಾಪಾವ್ ಬಂದಿರುತ್ತದೆ. ದುಡ್ಡಿನ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಹತ್ತು ವರ್ಷ ಮಾಣಿಯಾಗಿ ದುಡಿದವನಿಗೆ ಹಿಡಿ ಹೆಸರುಬೇಳೆ ಬೇಯಿಸಿ ಒಗ್ಗರಣೆ ಹಾಕಲು ಬಾರದು. ದೋಸೆ ಹುಯ್ಯುವವನಿಗೆ ದೋಸೆ ಬಂದೀತು, ಸೊಪ್ಪಿನ ಹುಳಿ ಬಾರದು. ಅಡಿಗೆ ಗಂಡಸಿನ ಕೆಲಸವಲ್ಲವೆಂಬ ಬಿಂಕ ಬೇರೆ! ಗಂಡಸರೇ ಸೌಟು ಹಿಡಿದು ಬೆಳೆಸಿದ ಕಸುಬಿನಲ್ಲಿ ಈ ಮಾತು ಹೇಗೆ ಉಳಿಯಿತೋ ಕಾಣೆವು. ಅಡಿಗೆ ಬಾರದವನು ಬೀದಿಯ ಗಾಡಿ ಕೊಟ್ಟದ್ದನ್ನೇ ತಿನ್ನಬೇಕು.

ಗಿರಣಿಯ ಬಂಧುಗಳಿಗೆ ಹಿಂದೆ ಖಾನಾವಳಿಯ ಆಸರೆ ಇತ್ತು. ಅನ್ನ ಹಾಕುತ್ತಿದ್ದ ಆ ತಾಯಂದಿರನ್ನು ಒಗ್ಗೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊಟದ ಪಂಕ್ತಿಯೂ ಕರಗಿತು. ಇಲ್ಲಿಯೇ ಉಳಿದ ಹಿರಿಯರಲ್ಲಿ ಸಿಹಿಮೂತ್ರಕ್ಕೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುವವರು ಎಷ್ಟು ಮಂದಿಯೆಂದು ಓದುಗರೇ ಬಲ್ಲರು.

ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ಒಂದು ಚಹಾ ಚಮಚ. ಹೊರಗಿನ ತಿಂಡಿಯಲ್ಲಿ ಅಳೆಯುವವರು ಯಾರು? ಖೋಲಿಯಲ್ಲಾದರೆ ಚಮಚ ನಮ್ಮ ಕೈಯಲ್ಲಿ. ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆಯ ಸಂಗತಿಯನ್ನಂತೂ ಬಾಣಲೆಯ ಮುಂದೆ ನಿಂತವರಿಗೆ ಬೇರೆ ಹೇಳಬೇಕಾಗಿಲ್ಲ. ಊರಿನಿಂದ ತಂದ ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಅದರ ಸಾರು ಅನ್ನದೊಡನೆ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವುಂಟು. ಬಿಳಿ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಮುದ್ದೆ ತೊಳಸಲು ಬಂದವನಿಗೆ ಇದು ಊಟ, ಬಾರದವನಿಗೆ ಬರಿಯ ಹಿಟ್ಟು.

ದಿನವಿಡೀ ನಿಂತು ಬಂದವನಿಗೆ ಒಲೆ ಹಚ್ಚೆನ್ನುವುದು ಬರೆಯುವವರಿಗೆ ಸುಲಭ, ನಿಜ. ಆದುದರಿಂದಲೇ ಒಬ್ಬೊಬ್ಬರಾಗಿ ಅಲ್ಲ, ಖೋಲಿಯವರೆಲ್ಲ ಸೇರಿ ಸರದಿಯಂತೆ ಮಾಡಿರಿ. ಬಲ್ಲ ಭಟ್ಟರು ವಾರದ ರಜೆಯಲ್ಲಿ ಹೊಸ ಹುಡುಗರಿಗೆ ಬೇಳೆಸಾರು, ಪಲ್ಯ, ಮುದ್ದೆ ಕಲಿಸಲಿ. 5 ಕಿಲೋ ಗ್ಯಾಸ್ ಸಿಲಿಂಡರು ಗುರುತಿನ ಚೀಟಿಯ ಮೇಲೆ ಸಿಗುತ್ತದೆ, ವಿಳಾಸದ ಪುರಾವೆ ಬೇಡ. ಖೋಲಿಯಲ್ಲಿ ಒಲೆ ಹಚ್ಚಕೂಡದೆಂದು ಮಾಲಕರು ತಡೆದಲ್ಲಿ, ಅಡಿಗೆಗೆ ಬೇರೆ ಸ್ಥಳ ಕೊಡಿರೆಂದು ಕೇಳುವುದು ನ್ಯಾಯ. ಅಂಥ ಖೋಲಿಗಳ ವಿವರವನ್ನು ಸಂಘದ ಕಚೇರಿಗೆ ಬರೆದು ತಿಳಿಸಿರಿ.