ಅಜ್ಜಿ ಬೆಳ್ಳಗಾಗಬೇಕಿರಲಿಲ್ಲ, ಕಾಣಬೇಕಿತ್ತು

ಕೆ.ಆರ್. ನಗರದ ಕಡೆಯ ನಮ್ಮೂರಿನಿಂದ ಅಪ್ಪ ಮೈಸೂರಿಗೆ ಬರುವುದು ಎರಡೇ ಕೆಲಸಕ್ಕೆ. ಒಂದು ಆಸ್ಪತ್ರೆ, ಇನ್ನೊಂದು ಬ್ಯಾಂಕು. ಈ ಸಲ ಮೂರನೆಯ ಕೆಲಸವಿತ್ತು. ಅಜ್ಜಿಯ ವರ್ಷದ ತಿಥಿ ಹತ್ತಿರ ಬರುತ್ತಿದೆ, ಗೋಡೆಗೆ ಹಾಕಲು ಒಂದು ಫೋಟೊ ಬೇಕು.

ನಮ್ಮ ಬಳಿ ಇದ್ದದ್ದು ಒಂದೇ ಫೋಟೊ, ನನ್ನ ಫೋನಿನಲ್ಲಿ ತೆಗೆದದ್ದು. ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಹಿಂದೆ ಅಂಗಳದ ತುಂಬ ಮಧ್ಯಾಹ್ನದ ಬಿಸಿಲು. ಫೋನು ಅಷ್ಟು ಬಿಸಿಲನ್ನು ನೋಡಿ ಬೆಳಕು ಕಡಿಮೆ ಮಾಡಿಕೊಂಡಿದೆ, ಹಾಗಾಗಿ ನೆರಳಲ್ಲಿದ್ದ ಅಜ್ಜಿಯ ಮುಖ ಮಸಿಯಾಗಿದೆ. ನಿಮ್ಮ ಫೋನಿನಲ್ಲೂ ಇಂಥವು ಹತ್ತಾರು ಇರಬಹುದು.

ಒಂಟಿಕೊಪ್ಪಲಿನ ನನ್ನ ರೂಮಿನ ಹತ್ತಿರವೇ ಒಂದು ಸಣ್ಣ ಸ್ಟುಡಿಯೊ ಇದೆ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹುಡುಗ ಫೋಟೊವನ್ನು ಕಂಪ್ಯೂಟರಿಗೆ ಹಾಕಿಕೊಂಡು ಬ್ರೈಟ್‌ನೆಸ್ ಬಲಕ್ಕೆ ಎಳೆದ. ಮುಖ ಬಂತು. ಆದರೆ ಸೀರೆಯ ಗೀಟು ಹೋಯಿತು, ಅಂಗಳ ಬಿಳಿ ಹಾಳೆಯಾಯಿತು. ಅಷ್ಟು ಸಾಲದು ಅಂತ ಅವನು ಇನ್ನೊಂದು ಬಟನ್ ಒತ್ತಿದ, ಮುಖದ ಸುಕ್ಕೆಲ್ಲ ಮಾಯವಾಗಿ ಅಜ್ಜಿ ಹಾಲಿನ ಬಣ್ಣಕ್ಕೆ ತಿರುಗಿದಳು.

"ನೋಡಿ ಯಜಮಾನ್ರೇ, ಅಜ್ಜಿ ಹೆಂಗೆ ಮಿಂಚ್ತಾವ್ರೆ!"

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಚೆನ್ನಾಗದೆ ಕಣಪ್ಪ. ಆದ್ರೆ ಇದು ನಮ್ಮವ್ವ ಅಲ್ಲ" ಅಂದರು. ಆಮೇಲೆ ಕೇಳಿದರು, "ಮುಖಕ್ಕೆ ತಾನೇ ಬೆಳಕು ಬೇಕಾಗಿದ್ದು? ಎಲ್ಲಾದಕ್ಕೂ ಯಾಕೆ ಹಾಕ್ದೆ? ಒಂದು ಗದ್ದೆ ಒಣಗ್ತಾ ಅದೆ ಅಂತ ಇಡೀ ಬಯಲಿಗೆ ತೂಬು ಎತ್ತುತಾರಾ?"

ಫೋಟೊ ತಿದ್ದುವ ಆ್ಯಪ್‌ಗಳ ಬಗ್ಗೆ ನಾನು ಓದಿದ ಯಾವ ಪಾಠವೂ ಇಷ್ಟು ಚೆನ್ನಾಗಿ ಹೇಳಿಲ್ಲ. ಬ್ರೈಟ್‌ನೆಸ್ ಅಂದರೆ ತೂಬು, ಇಡೀ ಫೋಟೊಗೆ ನೀರು. ಬೇಕಾದ ಗದ್ದೆಗೆ ಮಾತ್ರ ಹಾಯಿಸುವ ಕಾಲುವೆಗಳೂ ಅಲ್ಲೇ ಇವೆ. ಶಾಡೋಸ್ ಎಂಬ ಸ್ಲೈಡರ್ ಫೋಟೊದ ಕಪ್ಪು ಭಾಗಗಳನ್ನು ಮಾತ್ರ ಮುಟ್ಟುತ್ತದೆ, ಹೈಲೈಟ್ಸ್ ಎಂಬುದು ಬಿಸಿಲು ಬಿದ್ದ ಭಾಗಗಳನ್ನು ಮಾತ್ರ. ಅಜ್ಜಿಯ ಫೋಟೊಗೆ ಬೇಕಾಗಿದ್ದದ್ದು ಶಾಡೋಸ್ ಬಲಕ್ಕೆ, ಹೈಲೈಟ್ಸ್ ಸ್ವಲ್ಪ ಎಡಕ್ಕೆ. ಅಷ್ಟೇ. ಆ ಹುಡುಗ ದಡ್ಡನಲ್ಲ. ದಿನಕ್ಕೆ ಎಷ್ಟೋ ಪಾಸ್‌ಪೋರ್ಟ್ ಸೈಜ್ ಫೋಟೊ ಮಾಡುವವನು. ಆ ಹೆಸರುಗಳು ಅವನಿಗೆ ಏನನ್ನೂ ಹೇಳಿರಲಿಲ್ಲ.

ತಪ್ಪು ಅವನದಲ್ಲ, ಆ ಸ್ಲೈಡರ್‌ಗಳನ್ನು ಜೋಡಿಸಿಟ್ಟ ರೀತಿಯದು ಅನ್ನುವುದು ನನ್ನ ವಾದ.

ಶಾಡೋಸ್ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಶಾಡೋ ಅಂದರೆ ನೆರಳು. ಸ್ಲೈಡರನ್ನು ಬಲಕ್ಕೆ ಎಳೆದು ಪ್ಲಸ್ 40 ಮಾಡಿದರೆ ನೆರಳು ಹೆಚ್ಚಬೇಕಲ್ಲವೇ? ಇಲ್ಲ, ಲೈಟ್‌ರೂಂನಲ್ಲಿ ಹಾಗೆ ಮಾಡಿದರೆ ನೆರಳು ತಿಳಿಯಾಗುತ್ತದೆ. ಹೈಲೈಟ್ಸ್ ಕಥೆ ಇನ್ನೂ ವಿಚಿತ್ರ. ಲೈಟ್‌ರೂಂನಲ್ಲಿ ಹೈಲೈಟ್ಸ್ ಹೆಚ್ಚಿಸಿದರೆ ಬಿಸಿಲಿನ ಭಾಗ ಇನ್ನಷ್ಟು ಬೆಳ್ಳಗಾಗುತ್ತದೆ. ಅದೇ ಅಡೋಬಿ ಕಂಪನಿಯ ಫೋಟೊಶಾಪ್‌ನಲ್ಲಿ ಶಾಡೋಸ್/ಹೈಲೈಟ್ಸ್ ಎಂಬ ಕಿಟಕಿ ತೆರೆದು ಹೈಲೈಟ್ಸ್ ಹೆಚ್ಚಿಸಿದರೆ ಬಿಸಿಲಿನ ಭಾಗ ಕಪ್ಪಗಾಗುತ್ತದೆ. ಒಂದೇ ಕಂಪನಿ, ಒಂದೇ ಪದ, ಉಲ್ಟಾ ಕೆಲಸ. ಇದನ್ನು ಬಾಯಿಪಾಠ ಮಾಡಿದವನು ಎಕ್ಸ್‌ಪರ್ಟು, ಮಾಡದವನು ದಡ್ಡ!

ಇನ್ನು ಫೋನಿಗೆ ಬನ್ನಿ. ನಮ್ಮ ಕಡೆ ಹುಡುಗರು ಬಳಸುವ ಸ್ನ್ಯಾಪ್‌ಸೀಡ್ ಒಳ್ಳೆಯ ಆ್ಯಪ್, ಪುಕ್ಕಟೆ, ಜಾಹೀರಾತಿಲ್ಲ. ಆದರೆ ಅದರ ಟ್ಯೂನ್ ಇಮೇಜ್ ತೆರೆದರೆ ವರ್ಷಗಳ ಕಾಲ ಮೊದಲಿಗೆ ಕಾಣುತ್ತಿದ್ದದ್ದು ಬ್ರೈಟ್‌ನೆಸ್ ಒಂದೇ. ಬೆರಳನ್ನು ಮೇಲೆ ಕೆಳಗೆ ಎಳೆದರೆ ಶಾಡೋಸ್, ಹೈಲೈಟ್ಸ್ ಇರುವ ಪಟ್ಟಿ ಬರುತ್ತಿತ್ತು. ಗೊತ್ತಿಲ್ಲದವರು ಬ್ರೈಟ್‌ನೆಸ್‌ನಲ್ಲೇ ನಿಂತುಬಿಡುತ್ತಿದ್ದರು. ಅದೇ ಪಟ್ಟಿಯಲ್ಲಿ ಆಂಬಿಯನ್ಸ್ ಅಂತ ಇನ್ನೊಂದಿದೆ. ಇದು ಏನು ಮಾಡುತ್ತದೆ ಅಂತ ಹೆಸರು ನೋಡಿ ಹೇಳಿದವರಿಗೆ ನನ್ನ ಖರ್ಚಲ್ಲಿ ಕಾಫಿ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ಒಂದು ಕಾರಣ ಲೆಕ್ಕದ್ದು. ಮಾಮೂಲಿ ಫೋಟೊದಲ್ಲಿ ಪ್ರತಿ ಚುಕ್ಕೆಯ ಬೆಳಕಿಗೆ 0ಯಿಂದ 255ರವರೆಗೆ ಒಂದು ಸಂಖ್ಯೆ ಇರುತ್ತದೆ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಬ್ರೈಟ್‌ನೆಸ್ ಜಾಸ್ತಿ ಎಳೆದಾಗ ಸೀರೆಯ ಬಿಳಿಯೂ ಅದರ ಮೇಲಿನ ತೆಳು ಗೀಟೂ ಎರಡೂ 255ಕ್ಕೆ ಹೋಗಿ ಕೂತವು. ಎರಡೂ ಒಂದೇ ಆದ ಮೇಲೆ ಗೀಟು ಎಲ್ಲಿಂದ ಬರಬೇಕು? ಹಾಗೇ ಸೇವ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಮೂಲ ಫೋಟೊ ಅಳಿಸಿಬಿಟ್ಟರೆ ಆ ಗೀಟು ಮುಗಿಯಿತು.

ಇನ್ನೊಂದು ಕಾರಣ ನಮ್ಮ ಬಣ್ಣದ್ದು. ಫಿಲ್ಮ್ ರೋಲಿನ ಕಾಲದಲ್ಲಿ ಅಮೆರಿಕದ ಕೊಡಕ್ ಕಂಪನಿ ಪ್ರಿಂಟ್ ಹಾಕುವ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಫೋಟೊ ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿ ಹೆಂಗಸಿನ ಮುಖ. ಆ ಮುಖ ಸರಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ ರಿಯಲ್ ಟೋನ್ ಅಂತ ಸೇರಿಸಿ, ಕಪ್ಪು ಮೈಬಣ್ಣವೂ ಇದ್ದ ಹಾಗೇ ಬರಬೇಕು ಎಂದು ಹೊರಟದ್ದು 2021ರಲ್ಲಿ. ಮೊನ್ನೆ ಮೊನ್ನೆ. ನಮ್ಮ ಸ್ಟುಡಿಯೊಗಳಲ್ಲಿ, ನಮ್ಮ ಫೋನಿನ ಬ್ಯೂಟಿ ಬಟನ್ನುಗಳಲ್ಲಿ ಇವತ್ತಿಗೂ ಚೆನ್ನಾಗಿ ಕಾಣುವುದು ಅಂದರೆ ಬೆಳ್ಳಗೆ ಕಾಣುವುದೇ. ಹೆಣ್ಣು ನೋಡುವ ಶಾಸ್ತ್ರಕ್ಕೆ ಕಳಿಸುವ ಫೋಟೊ ಹೇಗಿರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ನೆರಳು ತಿಳಿಮಾಡುವ ಸ್ಲೈಡರ್ ಕೈಗೆ ಸಿಗುವ ಹಾಗಿದ್ದರೆ, ಮುಖ ಕಾಣಿಸುವುದು ಬೇರೆ ಮತ್ತು ಮುಖ ಬೆಳ್ಳಗೆ ಮಾಡುವುದು ಬೇರೆ ಅಂತ ಕೆಲವರಿಗಾದರೂ ಗೊತ್ತಾಗುತ್ತದೆ.

ಹಾಗಾದರೆ ಏನು ಬೇಕು? ನನ್ನ ಪ್ರಕಾರ, ಮೊದಲು ಫೋಟೊ ಮೇಲೆಯೇ ಬೆರಳಿಟ್ಟು "ಇಲ್ಲಿ" ಅನ್ನಲು ಬರಬೇಕು. ಇದು ಕನಸಲ್ಲ. ಡಾರ್ಕ್‌ಟೇಬಲ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಟೋನ್ ಈಕ್ವಲೈಸರ್ ಅಂತ ಇದೆ. ಮೌಸನ್ನು ಮುಖದ ಮೇಲಿಟ್ಟು ಅದರ ಚಕ್ರ ತಿರುಗಿಸಿದರೆ, ಅಷ್ಟು ಬೆಳಕಿರುವ ಭಾಗಗಳು ಏರುತ್ತವೆ, ಇಳಿಯುತ್ತವೆ. ಹೆಸರು ಗೊತ್ತಿರಬೇಕಿಲ್ಲ. ಸ್ನ್ಯಾಪ್‌ಸೀಡ್‌ನ ಸೆಲೆಕ್ಟಿವ್ ಕೂಡ ಹೆಚ್ಚುಕಡಿಮೆ ಹೀಗೇ, ಮುಖದ ಮೇಲೆ ಒಂದು ಚುಕ್ಕೆ ಇಟ್ಟು ಬೆರಳು ಎಳೆಯುವುದು. ಇಂಥದ್ದನ್ನು ಒಳಗೆಲ್ಲೋ ಹತ್ತನೇ ಬಟನ್ ಮಾಡದೆ ಮೊದಲನೇ ಬಟನ್ ಮಾಡಿ ಅನ್ನುತ್ತೇನೆ.

ಹಾಳಾಗುವಾಗ ಎಚ್ಚರಿಸಬೇಕು ಕೂಡ. ಕಂಪ್ಯೂಟರಿನ ಲೈಟ್‌ರೂಂನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ಸ್ಲೈಡರ್ ಎಳೆದರೆ ಯಾವ ಭಾಗ ಪೂರ್ತಿ ಬಿಳಿಯಾಗುತ್ತಿದೆ ಅಂತ ಕಾಣುತ್ತದೆ. ಗುಟ್ಟಿನ ಕೀ ಯಾಕೆ? ಫೋನಿನಲ್ಲಿ ತಾನಾಗಿಯೇ ಕಾಣಲಿ. ಅದರಲ್ಲೂ ನಾವು ಫೋಟೊ ನೋಡುವುದು ಹೊಲದ ಬಿಸಿಲಲ್ಲಿ. ಬಿಸಿಲಿಗೆ ಸ್ಕ್ರೀನು ಮಂಕಾಗಿ ಕಂಡು ಬ್ರೈಟ್‌ನೆಸ್ ಎಳೆದಿರುತ್ತೇವೆ, ರಾತ್ರಿ ಮನೆಯಲ್ಲಿ ನೋಡಿದರೆ ಸುಣ್ಣ ಬಳಿದ ಹಾಗಿರುತ್ತದೆ.

ಹೆಸರಿನ ವಿಷಯಕ್ಕೆ ಬಂದರೆ, ಕನ್ನಡ ಮಾಡಿ ಅಂದಾಗಲೆಲ್ಲ ನಿಘಂಟಿನಿಂದ ಒಂದು ಪದ ತಂದು ಹಾಕುವವರಿದ್ದಾರೆ. ಕಾಂಟ್ರಾಸ್ಟ್ ಅನ್ನು ಕಾಂಟ್ರಾಸ್ಟ್ ಅಂತಲೇ ಬರೆಯಿರಿ, ನನಗೆ ತಕರಾರಿಲ್ಲ. ಆದರೆ ಶಾಡೋಸ್ ಜಾಗದಲ್ಲಿ ಬರೀ "ನೆರಳು" ಅಂತ ಹಾಕಿದರೆ ಮೊದಲಿನ ಗೊಂದಲವೇ ಕನ್ನಡದಲ್ಲಿ ಬಂದ ಹಾಗೆ. ಕೆಲಸ ಹೇಳುವ ಹೆಸರು ಬೇಕು: "ಕಪ್ಪು ಕಡೆ ತಿಳಿಮಾಡು", "ಬಿಸಿಲು ತಗ್ಗಿಸು". ಹೊಸ ಯಂತ್ರಕ್ಕೆ ಹೆಸರಿಡಲು ನಾವೇನೂ ಹಿಂಜರಿಯಬೇಕಿಲ್ಲ. ಇದೇ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ರೇಡಿಯೊ ಪ್ರಸಾರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊಗೇ ಅದು ಹೆಸರಾಯಿತು. ಸಂಸ್ಕೃತದ ಪದವೇ, ಆದರೂ ಆಕಾಶದಿಂದ ಮಾತು ಬರುತ್ತದೆ ಅಂತ ಕೇಳಿದ ತಕ್ಷಣ ತಿಳಿಯಿತಲ್ಲ! ಗಿಂಪ್‌ನಂಥ ಮುಕ್ತ ತಂತ್ರಾಂಶಗಳನ್ನು ಅನುವಾದಿಸುವವರು ಸ್ವಯಂಸೇವಕರು, ಯಾರು ಬೇಕಾದರೂ ಆ ಕೆಲಸಕ್ಕೆ ಕೈ ಹಾಕಬಹುದು. ನಮ್ಮಂಥ ಪತ್ರಿಕೋದ್ಯಮದ ಹುಡುಗರು ಕಂಪನಿಗಳನ್ನು ಬೈಯುವುದರ ಜೊತೆಗೆ ಇದನ್ನೂ ಮಾಡಬಹುದು.

ಸ್ಟುಡಿಯೊದಲ್ಲಿ ಕೊನೆಗೆ ನಾನೇ ಹುಡುಗನ ಪಕ್ಕ ಕೂತೆ. ಅವನು ಮಾಡಿದ್ದನ್ನೆಲ್ಲ ತೆಗೆಸಿ, ಶಾಡೋಸ್ ಎಲ್ಲಿದೆ ತೋರಿಸಿದೆ. ನಿಧಾನಕ್ಕೆ ಎಳೆದ. ಅಜ್ಜಿಯ ಹಣೆ ಬಂತು, ಕೆನ್ನೆಯ ಸುಕ್ಕು ಬಂತು, ಮೂಗುಬೊಟ್ಟು ಬಂತು. ಅಜ್ಜಿ ಕಪ್ಪಗೇ ಇದ್ದಳು, ಸೀರೆಯ ಗೀಟೂ ಉಳಿಯಿತು. "ಇದು ನೋಡು" ಅಂದರು ಅಪ್ಪ.

ಪ್ರಿಂಟ್ ತೆಗೆದುಕೊಳ್ಳಲು ಮಾರನೇ ದಿನ ಹೋದೆ. ಮಾನಿಟರಿನ ಕೆಳಗೆ ಹುಡುಗ ಒಂದು ಬಿಳಿ ಟೇಪ್ ಅಂಟಿಸಿಕೊಂಡಿದ್ದ. ಅದರ ಮೇಲೆ ಪೆನ್ನಿನಲ್ಲಿ ಬರೆದಿತ್ತು: "ಶಾಡೋಸ್ = ಮುಖದ ಗದ್ದೆಗೆ ನೀರು."