ಹುಬ್ಬಳ್ಳಿಯ ಏಳಿಗೆ ಯಾರ ಪಾಲಿಗೆ?

ಹುಬ್ಬಳ್ಳಿಯು ಬೆಳೆಯುತ್ತಿರುವದೆಂಬ ಮಾತಿನಲ್ಲಿ ಸಂದೇಹವಿಲ್ಲ. 2023ರ ಮಾರ್ಚಿನಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲ್ಯಾಟ್‌ಫಾರ್ಮು ಲೋಕಾರ್ಪಣೆಯಾಗಿ, ಜಗತ್ತಿನಲ್ಲಿಯೇ ಅತಿ ದೀರ್ಘವಾದುದೆಂಬ ಕೀರ್ತಿಯು ನಮ್ಮ ಊರಿಗೆ ಬಂದಿತು. ಅದೇ ವರ್ಷದ ಜೂನ್ ತಿಂಗಳಿಂದ ಧಾರವಾಡ-ಬೆಂಗಳೂರು ವಂದೇ ಭಾರತ ಗಾಡಿಯು ಓಡತೊಡಗಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಆ ಉದ್ದವಾದ ಕಟ್ಟೆಯ ಮೇಲೆ ರಾತ್ರಿಯ ಗಾಡಿಗಾಗಿ ಗಂಟುಮೂಟೆಯೊಡನೆ ಕಾದು ನಿಂತ ನಮ್ಮ ತರುಣರಲ್ಲಿ ವ್ಯಾಪಾರಕ್ಕೆ ಹೊರಟವರೆಷ್ಟು, ಊರಿನಲ್ಲಿ ಕೆಲಸ ಕಾಣದೆ ಹೊರಟವರೆಷ್ಟು ಎಂಬದನ್ನು ವಾಚಕರು ಒಮ್ಮೆ ಎಣಿಸಿ ನೋಡಬೇಕು.

ಹಾದುಹೋಗುವ ಸಂಪತ್ತು ಈ ಊರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಎರೆಭೂಮಿಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗಿ, ಅಲ್ಲಿಂದ ಹಡಗನ್ನೇರುತ್ತಿದ್ದಿತು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯ ಸಾಗಾಟ ಕುಗ್ಗಿದಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಯುದ್ಧ ತೀರಿತು, ಬೆಲೆಯೂ ಇಳಿಯಿತು. ಬೆಳೆದವನು ಧಾರವಾಡ ಜಿಲ್ಲೆಯ ಒಕ್ಕಲಿಗ. ಪೇಟೆಯಲ್ಲಿ ಮಾಲಿಗೆ ನಿಂತ ಹೆಸರು ಮಾತ್ರ ‘ಕುಮಟಾ ಹತ್ತಿ’. ಕುಮಟೆಯೂ ಕನ್ನಡ ನೆಲವೇ ಆದುದರಿಂದ ನಮಗೆ ಅಸೂಯೆಯೇನಿಲ್ಲ. ಆದರೆ 1880ರ ದಶಕದಲ್ಲಿ ರೇಲ್ವೆಯು ಕ್ಯಾಸಲ್‌ರಾಕಿನ ಮಾರ್ಗವಾಗಿ ಮುರ್ಮಗೋವೆಗೆ ಇಳಿದ ಮೇಲೆ ಆ ಬಂದರದ ವ್ಯಾಪಾರವೂ ಸೊರಗಿತು. ಕನ್ನಡ ಕರಾವಳಿಗೆ ನಮ್ಮನ್ನು ಮತ್ತೆ ಜೋಡಿಸಬೇಕಾದ ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗವು 1990ರ ದಶಕದ ಕೊನೆಯಲ್ಲಿ ಮಂಜೂರಾಯಿತು. ಕಾಲು ಶತಮಾನ ಕಳೆದರೂ ಘಟ್ಟದ ಅರಣ್ಯದ ತಕರಾರು ತೀರಿಲ್ಲ. ಅರಣ್ಯದ ಪರವಾದ ವಾದವು ಹುರುಳಿಲ್ಲದ್ದೆಂದು ನಾವು ಹೇಳಲಾರೆವು. ಆಗುವದಿಲ್ಲವೆಂದಾದರೆ ಆಗುವದಿಲ್ಲವೆಂದು ಸರಕಾರವು ಬಾಯಿಬಿಟ್ಟು ಹೇಳಲಿ.

ಅದೇ ರೇಲ್ವೆಯು ಇನ್ನೊಂದನ್ನೂ ಕೊಟ್ಟಿತು. ಸದರ್ನ್ ಮರಾಠಾ ಕಂಪನಿಯು 1885ರಲ್ಲಿ ಇಲ್ಲಿ ತನ್ನ ಕಾರಖಾನೆಯನ್ನು ತೆರೆಯಿತು. ಕಂಪನಿಯು ಪರಕೀಯರದು, ಅದರ ದೃಷ್ಟಿ ತನ್ನ ಲಾಭದ ಮೇಲೆ. ಹಾಗಿದ್ದರೂ ಕಮ್ಮಾರಿಕೆ, ಬಡಗಿತನ, ಎರಕ, ಲೇಥಿನ ಕೆಲಸಗಳನ್ನು ಕಲಿತ ಕೈಗಳು ಊರಿನಲ್ಲಿಯೇ ಉಳಿದವು. ತಂದೆ ಕಲಿತುದನ್ನು ಮಗನು ಕಲಿತನು. ಕಂಪನಿಯು ಹೋಯಿತು, ಆಂಗ್ಲರು ಹೋದರು, ಕಾರಖಾನೆ ಇನ್ನೂ ನಡೆದಿದೆ. ಪ್ಲ್ಯಾಟ್‌ಫಾರ್ಮಿನ ಮೇಲಿಂದ ಜನರೂ ಮಾಲೂ ಸಾಗಿಹೋಗುವವು. ಕಾರಖಾನೆಯಲ್ಲಿ ವಿದ್ಯೆ ಉಳಿಯುವದು. ನಾವು ಏಳಿಗೆಯೆನ್ನುವದು ಈ ಎರಡನೆಯದನ್ನು.

ಹಾಗೆ ಉಳಿದುದಕ್ಕೆ ಇನ್ನೊಂದು ನಿದರ್ಶನವು ಬೆಂಗೇರಿಯಲ್ಲಿದೆ. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ರಾಷ್ಟ್ರಧ್ವಜವು ಸಿದ್ಧವಾಗುವದು. ಮಾನಕ ಸಂಸ್ಥೆಯ ಮುದ್ರೆ ಪಡೆದ ಖಾದಿಯ ಧ್ವಜವು ಬಹುಕಾಲ ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತಿದ್ದಿತು. ಅಲ್ಲಿ ದುಡಿಯುವವರಲ್ಲಿ ಹೆಂಗಸರೇ ಬಹಳ. 2021ರ ದಶಂಬರದ ಕೊನೆಗೆ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅಪ್ಪಣೆ ಕೊಟ್ಟರು. ಮನೆಮನೆಗೂ ಧ್ವಜ ಮುಟ್ಟಲೆಂಬ ಉದ್ದೇಶವನ್ನು ನಾವು ಹಳಿಯುವದಿಲ್ಲ. ಆದರೆ ಯಾವ ಬಾವುಟದ ನೂಲಿಗಾಗಿ ಹಿರಿಯರು ಸೆರೆಮನೆಯನ್ನು ಕಂಡರೋ, ಆ ನೂಲನ್ನೇ ಬಿಟ್ಟು ಬಾವುಟವನ್ನು ಹಾರಿಸುವದು ಎಂಥ ಗೌರವವೆಂಬದು ನಮಗೆ ಅರ್ಥವಾಗಿಲ್ಲ. ದಿಲ್ಲಿಯ ಒಂದು ತಿದ್ದುಪಡಿಯಿಂದ ಬೆಂಗೇರಿಯ ಒಲೆಗಳಿಗೆ ಆತಂಕ ಬಂದುದಂತೂ ನಿಜ.

1956ರ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು. ಅದಕ್ಕಾಗಿ 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕುಳಿತುದು ಈ ಊರಿನ ಮಗ್ಗುಲಲ್ಲಿಯೇ. ನಕಾಶೆಯು ಒಂದಾಯಿತು, ಅನ್ನದ ತಟ್ಟೆ ಒಂದಾಗಲಿಲ್ಲ. ನಂಜುಂಡಪ್ಪ ಸಮಿತಿಯು 2002ರಲ್ಲಿ ಲೆಕ್ಕ ಹಾಕಿದಾಗ, ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 26 ಉತ್ತರದ ಕಡೆಯವೇ ಆಗಿದ್ದವು. ಈ ಭಾಗಕ್ಕೆ ಬಂದುದೆಲ್ಲ ಕೇಳಿ ಕೇಳಿ ಬಂದುದು: ನೈಋತ್ಯ ರೇಲ್ವೆಯ ಮುಖ್ಯ ಕಚೇರಿಯು 2003ರಲ್ಲಿ, ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2008ರಲ್ಲಿ ಧಾರವಾಡಕ್ಕೆ ಬಂದು 2013ರಲ್ಲಿ ಸ್ಥಿರವಾದುದು. ಒಂದು ಅಪೀಲಿಗಾಗಿ ಬಡ ಕಕ್ಷಿದಾರನು ನಾನೂರು ಕಿಲೋಮೀಟರು ಹೋಗಿ, ವಸತಿಗೆ ಹಣ ತೆತ್ತು, ಬರಿಯ ಮುದ್ದತನ್ನು ಪಡೆದು ಹಿಂದಿರುಗುತ್ತಿದ್ದ ದಿನಗಳು ವಕೀಲರಾದವರಿಗೆ ಮರೆಯುವಂತಹವಲ್ಲ.

ಈಗಿನ ಮುಖ್ಯ ಪ್ರಶ್ನೆಯು ನೌಕರಿಯದು. ಧಾರವಾಡ ಉತ್ತರದಿಂದ ಲೋಕಸಭೆಗೆ ಆರಿಸಿಬಂದಿದ್ದ ಶ್ರೀಮತಿ ಸರೋಜಿನಿ ಮಹಿಷಿಯವರ ಸಮಿತಿಯು ಕನ್ನಡಿಗರಿಗೆ ಉದ್ಯೋಗ ದೊರಕಿಸುವ ಬಗೆಯನ್ನು ಕುರಿತು 1986ರಲ್ಲಿಯೇ ವರದಿ ಕೊಟ್ಟಿತು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಖಾಸಗಿ ನೌಕರಿಗಳನ್ನು ಕಾದಿಡುವ ವಿಧೇಯಕಕ್ಕೆ ಸಚಿವಸಂಪುಟವು ಒಪ್ಪಿಗೆಯಿತ್ತು, ಉದ್ಯಮಿಗಳು ಕೂಗೆಬ್ಬಿಸಿದೊಡನೆ ಎರಡು ದಿನಗಳಲ್ಲಿ ತಡೆಹಿಡಿಯಿತು. ಅಂಜಿದ್ದು ನಾಚಿಕೆಗೇಡೇ. ಆದರೂ ಆ ವಿಧೇಯಕದ ಮೇಲೆ ನಮ್ಮ ಭರವಸೆ ಬಹಳವಿಲ್ಲ. ಹರಿಯಾಣದಲ್ಲಿ ಶೇಕಡಾ 75ರಷ್ಟು ನೌಕರಿಗಳನ್ನು ಸ್ಥಳೀಯರಿಗೆ ಕಾದಿಟ್ಟ ಕಾಯದೆಯನ್ನು ಅಲ್ಲಿಯ ಉಚ್ಚ ನ್ಯಾಯಾಲಯವು 2023ರ ನವೆಂಬರದಲ್ಲಿ ರದ್ದುಪಡಿಸಿತು. ಸರಕಾರಿ ನೌಕರಿಯಲ್ಲಿ ಕೂಡ ವಾಸಸ್ಥಳದ ನಿಬಂಧನೆ ಹಾಕುವ ಅಧಿಕಾರವನ್ನು ಸಂವಿಧಾನದ 16ನೆಯ ಅನುಚ್ಛೇದವು ಸಂಸತ್ತಿಗೆ ಕೊಟ್ಟಿದೆ, ವಿಧಾನಸಭೆಗೆ ಕೊಟ್ಟಿಲ್ಲ. ಹೀಗಿರುವಾಗ ನಿಲ್ಲದ ಕಾಯದೆಯನ್ನು ತೋರಿಸಿ ತರುಣರನ್ನು ಹತ್ತು ವರ್ಷ ಕಾಯಿಸುವದು ಅವರಿಗೆ ಮಾಡುವ ಉಪಕಾರವಲ್ಲ.

ಯಾವ ತಕರಾರೂ ಇಲ್ಲದ ಕಾಯದೆಯೊಂದು ಕಪಾಟಿನಲ್ಲಿ ಸುಮ್ಮನೆ ಬಿದ್ದಿದೆ: 1961ರ ಅಪ್ರೆಂಟಿಸ್ ಕಾಯದೆ. (ಸರಕಾರಿ ಕನ್ನಡದಲ್ಲಿ ಇಂಥ ಅಭ್ಯಾಸಿಗಳಿಗೆ ‘ಶಿಶಿಕ್ಷು’ಗಳೆಂದು ಹೆಸರಿಟ್ಟಿದ್ದಾರೆ; ಆ ಶಬ್ದವನ್ನು ಓದಿ ಅರ್ಜಿ ಹಾಕದೆ ಹೋದ ಹುಡುಗರೆಷ್ಟೋ!) 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಯು ಅವರ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಭ್ಯಾಸಿಗಳನ್ನು ವಿದ್ಯಾವೇತನ ಕೊಟ್ಟು ಇಟ್ಟುಕೊಳ್ಳಲೇಬೇಕು. ಗೋಕುಲ ರಸ್ತೆಯಿಂದ ಬೇಲೂರಿನ ವರೆಗೆ ಇರುವ ಕಾರಖಾನೆಗಳಲ್ಲಿ ಇದು ಎಷ್ಟರಮಟ್ಟಿಗೆ ನಡೆದಿದೆ? ಉದ್ಯಮಿಗಳಿಗೆ ಅಗ್ಗದ ನೆಲವನ್ನೂ ನೀರನ್ನೂ ಕೊಡುವಾಗ ಈ ಲೆಕ್ಕವನ್ನು ಕೇಳುವ ಹಕ್ಕು ನಾಗರಿಕರಿಗೆ ಇದೆ. ಕಾರಖಾನೆಗೊಂದರಂತೆ ಅಭ್ಯಾಸಿಗಳ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕೆಂದು ನಮ್ಮ ಶಾಸಕರೂ ಮಹಾನಗರಪಾಲಿಕೆಯ ಸದಸ್ಯರೂ ಒತ್ತಾಯಪಡಿಸಲಿ. ಇದಕ್ಕೆ ಹೊಸ ವಿಧೇಯಕವೂ ಬೇಡ, ದಿಲ್ಲಿಯ ದಯೆಯೂ ಬೇಡ.

ಶಿಕ್ಷಕ ಬಂಧುಗಳಿಗೂ ಒಂದು ವಿನಂತಿಯುಂಟು. ಹತ್ತನೆಯ ಇಯತ್ತೆಯ ಫಲಿತಾಂಶದ ದಿನ ಪಾಸಾದವರ ಹೆಸರುಗಳನ್ನು ಫಲಕದ ಮೇಲೆ ಬರೆಯುವಿರಷ್ಟೆ. ಅದೇ ಫಲಕದ ಕೆಳಗೆ ಐ.ಟಿ.ಐ. ಪ್ರವೇಶದ ಕೊನೆಯ ತಾರೀಖನ್ನೂ, ರೇಲ್ವೆ ಕಾರಖಾನೆಯ ಅಪ್ರೆಂಟಿಸ್ ಅರ್ಜಿ ಹೊರಡುವ ಸಮಯವನ್ನೂ ತಿಳಿಗನ್ನಡದಲ್ಲಿ ಬರೆದು ಹಾಕಿರಿ. ನಪಾಸಾದವರ ಮನೆಗೂ ಆ ಸುದ್ದಿಯನ್ನು ಮುಟ್ಟಿಸಿರಿ.