ಹೆತ್ತವಳು ಏನಾದಳು?



ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕಾಲು ಚಾಚಿದಾಗ ಓದಲು ಏನಾದರೂ ಬೇಕಲ್ಲವೇ? ಈ ಸಲ ದಪ್ಪ ಪುಸ್ತಕವನ್ನೇ ಹೇಳುತ್ತೇನೆ. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’. 1978ರಲ್ಲಿ ಬಂದ ಈ ಕಾದಂಬರಿಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು.

ಮುಂದೆ ವಿಷ್ಣುವರ್ಧನನಾದ ಹೊಯ್ಸಳರ ಬಿಟ್ಟಿದೇವ, ಬಳ್ಳಿಗಾವೆಯ ಹೆಗ್ಗಡೆ ಮಾರಸಿಂಗಯ್ಯನ ಮಗಳು ಶಾಂತಲೆ, ಇವರಿಬ್ಬರ ಕಥೆ. ನೋಡಿದ ಕೂಡಲೇ ಮರುಳಾಗುವ ಪ್ರೀತಿಯಲ್ಲ. ಪಾಠ, ಹಾಡು, ನಾಟ್ಯ, ದೊಡ್ಡವರ ಎದುರು ಅಳೆದು ಆಡಿದ ಮಾತು, ಇವುಗಳ ನಡುವೆ ಸಣ್ಣ ಉರಿಯ ಹಾಲಿನಂತೆ ನಿಧಾನವಾಗಿ ಕೆನೆಗಟ್ಟುತ್ತದೆ. ಅವಸರದವರಿಗೆ ಬೇಸರವಾದೀತು.

ನಾನು ಇದನ್ನು ಒಬ್ಬಳೇ ಓದಲಿಲ್ಲ. ಎರಡು ವರ್ಷದ ಹಿಂದೆ ನಮ್ಮಕ್ಕ ಹತ್ತು ವರ್ಷದ ಮಗಳನ್ನು ಬಿಟ್ಟು ತೀರಿಕೊಂಡಳು. ಆ ಮಗುವನ್ನು ಕರೆದುಕೊಂಡು ಅಮ್ಮ ನುಗ್ಗೇಹಳ್ಳಿಗೆ ನಮ್ಮ ಮನೆಗೇ ಬಂದರು. ತಟ್ಟೆ ಮುಂದೆ ಕೂತು ಎರಡು ತುತ್ತು ಕೆದಕಿ ಎದ್ದುಬಿಡುವರು. ಮೊಮ್ಮಗಳ ಮುಖ ನೋಡುತ್ತಿರಲಿಲ್ಲ. ಅದು ಅಕ್ಕನದೇ ಅಚ್ಚು. ಸಮಾಧಾನದ ಮಾತೆಲ್ಲ ನನ್ನಲ್ಲಿ ಮುಗಿದುಹೋಗಿತ್ತು. ಅದಕ್ಕೇ ರಾತ್ರಿ ಒಲೆ ಆರಿಸಿದ ಮೇಲೆ ದಿನಾ ಹತ್ತು ಪುಟ ಗಟ್ಟಿಯಾಗಿ ಓದತೊಡಗಿದೆ. ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನ 1246ರದು. ಹೊಯ್ಸಳರೆಂದರೆ ಅಮ್ಮನಿಗೆ ಪಕ್ಕದ ಬೀದಿಯವರಿದ್ದಂತೆ!

ಪುಸ್ತಕ ಅರ್ಧದಲ್ಲಿದ್ದಾಗಲೇ ಒಂದು ರಾತ್ರಿ ಕೇಳಿದರು: “ಶಿವಗಂಗೇಲಿ ಶಾಂತಲೆ ಹೋದಳಂತಲ್ಲ, ರಾಜನ ದುಃಖ ಹಾಗಿರಲಿ ಕಣೇ, ಹೆತ್ತವಳು ಏನಾದಳು?”

ನನಗೆ ಗೊತ್ತಿತ್ತು. ಆದರೆ ಊಟ ಬಿಟ್ಟ ತಾಯಿಗೆ, ಊಟ ಬಿಟ್ಟು ಸತ್ತ ತಾಯಿಯ ಕಥೆ ಹೇಗೆ ಹೇಳಲಿ? ಅಮ್ಮ ಬಿಡಲಿಲ್ಲ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಮೂವರೂ ಶ್ರವಣಬೆಳಗೊಳಕ್ಕೆ ಹೋದೆವು. ಅಲ್ಲಿ ಚಿಕ್ಕಬೆಟ್ಟದ ಮೇಲೆ ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಸವತಿಯರ ಪಾಲಿಗೆ ಮದ್ದಾನೆ ಎಂಬುದು ಅವಳದೇ ಬಿರುದು! ತಾಯಿ ಮಾಚಿಕಬ್ಬೆಯ ಶಾಸನವೂ ಆ ಬೆಟ್ಟದಲ್ಲೇ ಇದೆ. 1131ರಲ್ಲಿ ಮಗಳು ಶಿವಗಂಗೆಯಲ್ಲಿ ತೀರಿಕೊಂಡ ಸುದ್ದಿ ಕೇಳಿ, ತಾನಿನ್ನು ಇರಲಾರೆನೆಂದು ಬೆಳಗೊಳಕ್ಕೆ ಬಂದು, ತಿಂಗಳು ಉಪವಾಸವಿದ್ದು ಸಲ್ಲೇಖನದಲ್ಲಿ ಪ್ರಾಣ ಬಿಟ್ಟಳು.

ಹೇಳಿ ಮುಗಿಸಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಕೆಳಗಿಳಿದು ಬಂದು ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ಮೊಸರನ್ನ ಕಲಸಿ ಮೊಮ್ಮಗಳ ಕೈಗೆ ಒಂದು ತುತ್ತು ಹಾಕಿದರು, ತಾವೂ ಒಂದು ಬಾಯಿಗಿಟ್ಟುಕೊಂಡರು.

“ಅವಳ ದಾರಿ ಅವಳದು ಕಣೇ. ನನಗೆ ಈ ಮಗೂಗೆ ಜಡೆ ಹಾಕೋದು ಬಾಕಿ ಇದೆ.”

ಉಳಿದ ಪುಟಗಳನ್ನು ಮೂವರೂ ಕೂತು ಮುಗಿಸಿದೆವು. ನಿಮ್ಮ ಮನೆಯಲ್ಲೂ ಯಾರಾದರೂ ದುಃಖದಲ್ಲಿದ್ದರೆ ‘ಮರೆತುಬಿಡಿ’ ಅನ್ನಬೇಡಿ. ಊರ ಗ್ರಂಥಾಲಯದಲ್ಲಿ ಇಂಥದೊಂದು ನಿಧಾನದ ಪುಸ್ತಕ ಕೇಳಿ ತನ್ನಿ. ಗಟ್ಟಿಯಾಗಿ ಓದಿ. ಅವರಾಗಿ ಕೇಳುವವರೆಗೆ ಕಾಯಿರಿ.